ಎಂಬತ್ತೇಳನೇ ಪೀಪಾಯಿ

ಆ ಊರಿನಲ್ಲಿ ಇನ್ನೂರ ಹನ್ನೆರಡು ಕಬ್ಬಿಣದ ಪೀಪಾಯಿಗಳಿದ್ದವು, ಒಬ್ಬ ಪೀಪಾಯಣ್ಣನಿದ್ದ. ಪೀಪಾಯಿಗಳ ಮೇಲೆ ನಂಬರು ಬರೆದಿತ್ತು. ಪೀಪಾಯಣ್ಣನ ಮೇಲೆ ಏನೂ ಬರೆದಿರಲಿಲ್ಲ. ಆದರೆ ಮೂವತ್ತು ವರ್ಷದ ನೀಲಿ ಬಣ್ಣ, ಬಿಳಿ ಬಣ್ಣ ಅವನ ಅಂಗಿಯ ಮೇಲೆ, ಕಿವಿಯ ಹಿಂದೆ, ಹುಬ್ಬಿನ ಕೂದಲಲ್ಲಿ ಪದರು ಪದರಾಗಿ ಕೂತಿದ್ದರಿಂದ ದೂರದಿಂದ ನೋಡಿದವರು ಅವನನ್ನೂ ಸೇರಿಸಿ ಇನ್ನೂರ ಹದಿಮೂರು ಎಂದು ಎಣಿಸಿದ್ದುಂಟು.

ಪೀಪಾಯಿಗಳನ್ನು ಇಟ್ಟದ್ದು ಮಂಡಳಿ. ಮಂಡಳಿ ಎಂದರೆ ಊರ ನಾಲ್ಕು ಜನರದ್ದಲ್ಲ. ಜಗತ್ತಿನ ದೇಶಗಳೆಲ್ಲ ಸೇರಿ ಕಟ್ಟಿಕೊಂಡದ್ದು. ಹೊಡೆದಾಟ ಆಗುವಲ್ಲಿಗೆ ನೀಲಿ ಟೋಪಿಯ ಸಿಪಾಯಿಗಳನ್ನು ಕಳಿಸಿ ಇಬ್ಬರ ನಡುವೆ ನಿಲ್ಲಿಸುವುದು, ಹಸಿದಲ್ಲಿಗೆ ಹಿಟ್ಟು, ಕಾಯಿಲೆಯಿದ್ದಲ್ಲಿಗೆ ಔಷಧಿ ಕಳಿಸುವುದು ಅದರ ಕಸುಬು. ಬಂಡವಾಳ ಮಾತ್ರ ಸ್ವಂತದ್ದಲ್ಲ. ದೇಶಕ್ಕಿಷ್ಟು ಎಂದು ವಂತಿಗೆ ಹಾಕಿದ್ದಾರೆ, ಬಂದರೆ ಬಂತು. ವ್ಯಾಪಾರಸ್ಥನ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಕಷ್ಟದ ಸರಕು ಇನ್ನೊಂದಿಲ್ಲ. ಸಕ್ಕರೆ ಚೆನ್ನಾಗಿದ್ದರೆ ಗಿರಾಕಿ ಮತ್ತೆ ಬರುತ್ತಾನೆ. ಶಾಂತಿ ಚೆನ್ನಾಗಿದ್ದರೆ ಅಂಥದೊಂದು ಅಂಗಡಿ ಇದೆ ಎನ್ನುವುದೇ ಅವನಿಗೆ ಮರೆತುಹೋಗುತ್ತದೆ.

ಮೂವತ್ತು ವರ್ಷದ ಹಿಂದೆ ಊರು ಎರಡಾಯಿತು. ಯಾಕೆ ಎಂದು ಕೇಳಿ ಪ್ರಯೋಜನವಿಲ್ಲ. ಈಚೆಯವರು ನೀರಿನ ಪಂಪಿನಿಂದ ಶುರುವಾಯಿತು ಎನ್ನುತ್ತಾರೆ, ಆಚೆಯವರು ಪಂಪಿನ ಹತ್ತಿರ ಆಡಿದ ಒಂದು ಮಾತಿನಿಂದ ಎನ್ನುತ್ತಾರೆ. ಮಾತು ಯಾವುದೆಂದು ಯಾರಿಗೂ ನೆನಪಿಲ್ಲ; ಪಂಪು ಯಾವ ಕಡೆಗೂ ಸೇರದೆ ತುಕ್ಕು ಹಿಡಿಯಿತು. ನೀಲಿ ಟೋಪಿಯವರು ಬಂದು ಊರಿನ ಉದ್ದಕ್ಕೂ ಪೀಪಾಯಿಗಳ ಎರಡು ಸಾಲು ಇಟ್ಟರು. ಸಾಲಿನಿಂದ ಸಾಲಿಗೆ ಇಪ್ಪತ್ತು ಹೆಜ್ಜೆ. ನಡುವಿನ ಜಾಗಕ್ಕೆ ನಡುಪಟ್ಟಿ ಎಂದು ಹೆಸರಾಯಿತು. ಅಲ್ಲಿ ನೀಲಿ ಟೋಪಿ ಬಿಟ್ಟು ಬೇರೆ ಯಾರೂ ಕಾಲಿಡುವಂತಿಲ್ಲ. ಅವರ ದವಾಖಾನೆಯ ವ್ಯಾನು ಮಾತ್ರ ಅಲ್ಲಿ ನಿಂತು ಒಂದು ಕಿಟಕಿಯಿಂದ ಈಚೆಯವರಿಗೆ, ಇನ್ನೊಂದು ಕಿಟಕಿಯಿಂದ ಆಚೆಯವರಿಗೆ ಒಂದೇ ಡಬ್ಬಿಯ ಮಾತ್ರೆ ಕೊಡುತ್ತಿತ್ತು. ಆರು ತಿಂಗಳಿಗೆಂದು ಬಂದ ಸಿಪಾಯಿಗಳು ಆರಾರು ತಿಂಗಳು ಮುಂದುವರಿಸಿಕೊಂಡು ಅಲ್ಲೇ ಉಳಿದರು.

ಸಾಲು ಬಿದ್ದ ದಿನ ಪೀಪಾಯಣ್ಣ ಇಪ್ಪತ್ತನಾಲ್ಕರ ಹುಡುಗ. ಆಗ ಅವನಿಗೆ ಆ ಹೆಸರೂ ಇರಲಿಲ್ಲ. ತಾಯಿ ತೀರಿದ ಮೇಲೆ ಅವನನ್ನು ಎತ್ತಿ ಬೆಳೆಸಿದ ಅಕ್ಕ, ಹತ್ತು ವರ್ಷ ದೊಡ್ಡವಳು, "ಅರ್ಧ ಗಂಟೇಲಿ ಬಂದ್ಬಿಡು, ಊಟ ಆರೋಗತ್ತೆ" ಎಂದು ಕೂಗಿ ಹೇಳಿ ಕುಂಚ ತರಲು ಆಚೆಯ ಮನೆಯಿಂದ ಈಚೆ ಪೇಟೆಗೆ ಕಳಿಸಿದ್ದಳು. ಕುಂಚ ಕೊಂಡು ತಿರುಗುವಷ್ಟರಲ್ಲಿ ಬೀದಿಯ ನಡುವೆ ಪೀಪಾಯಿ ನಿಂತಿದ್ದವು. ಅರ್ಧ ಗಂಟೆ ಹದಿನಾರು ವರ್ಷ ಆಯಿತು.

ಮೂರನೇ ದಿನ ನೀಲಿ ಟೋಪಿಯವರು ಬೋರ್ಡು ಹಾಕಿದರು: ಪೀಪಾಯಿಗೆ ಬಣ್ಣ ಬಳಿಯಲು ಸ್ಥಳೀಯ ವ್ಯಕ್ತಿ ಬೇಕು, ನಡುಪಟ್ಟಿಯಲ್ಲಿ ಓಡಾಡುವ ಪರವಾನಗಿ ಕೊಡಲಾಗುವುದು. ಕುಂಚ ಕೈಯಲ್ಲೇ ಇತ್ತು. ಸಂಬಳ ಎಷ್ಟು ಎಂದು ಕೇಳದೆ ಒಪ್ಪಿಕೊಂಡದ್ದು ಅವನ ಜೀವನದ ಏಕೈಕ ದಡ್ಡ ವ್ಯಾಪಾರ. ಅದರಲ್ಲೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಲಾಭ ಬಂತು.

ಕೆಲಸಕ್ಕೆ ಒಂದು ನಿಯಮದ ಪುಸ್ತಕವಿತ್ತು. ಹದಿನಾಲ್ಕನೇ ನಿಯಮ: ವರ್ಷಕ್ಕೊಮ್ಮೆ ಪ್ರತಿ ಪೀಪಾಯಿಯನ್ನೂ ವಾಲಿಸಿ ತಳಕ್ಕೆ ಬಣ್ಣ ಬಳಿಯತಕ್ಕದ್ದು, ಹಸಿ ಬಣ್ಣ ನೆಲಕ್ಕೆ ಅಂಟದಂತೆ ಒಂದು ಗೇಣು ಪಕ್ಕಕ್ಕೆ, ಒಣ ನೆಲದ ಮೇಲೆ ಇಡತಕ್ಕದ್ದು. ಯಾವ ಪಕ್ಕಕ್ಕೆ ಎಂದು ಬರೆದಿರಲಿಲ್ಲ. ಪೀಪಾಯಣ್ಣ ನಿಯತ್ತಿನ ಮನುಷ್ಯ. ಮೊದಲ ವರ್ಷವೇ ಮಂಡಳಿಯ ಮುಖ್ಯ ಕಚೇರಿಗೆ ಕಾಗದ ಬರೆಸಿ ಕೇಳಿದ. "ತಮ್ಮ ಪತ್ರ ತಲುಪಿದೆ" ಎಂದು ಉತ್ತರ ಬಂತು. ಮುಂದಿನ ಉತ್ತರಕ್ಕೆ ಅವನು ಇನ್ನೂ ಕಾಯುತ್ತಿದ್ದ.

ಕಾಯುವಾಗ ಕೆಲಸ ನಿಲ್ಲಿಸಲಾಗುತ್ತದೆಯೇ? ಆ ಊರಿನಲ್ಲಿ ಗಾಳಿ ಸದಾ ಈಚೆಯಿಂದ ಆಚೆಗೆ. ಹಸಿ ಬಣ್ಣಕ್ಕೆ ದೂಳು ಹಿಡಿಯಬಾರದೆಂದರೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಬೆನ್ನು ಗಾಳಿಗೆ ಕೊಟ್ಟವನು ಪೀಪಾಯಿಯನ್ನು ವಾಲಿಸಿದರೆ ಅದು ಆಚೆಗೇ ವಾಲುತ್ತದೆ, ಇಳಿಸಿದರೆ ಆಚೆಗೇ ಇಳಿಯುತ್ತದೆ. ಈಚೆ ಸಾಲೂ ಹಾಗೆ, ಆಚೆ ಸಾಲೂ ಹಾಗೆ. ವರ್ಷಕ್ಕೊಂದು ಗೇಣು.

ಯಾರಿಗೂ ತಿಳಿಯಲಿಲ್ಲವೇ ಎಂದರೆ, ಮಂಡಳಿಯ ಕೆಲಸದ ರೀತಿ ಹಾಗೆ. ನೀಲಿ ಟೋಪಿಯವರು ದಿನಾ ಬೆಳಿಗ್ಗೆ ಎರಡು ಕೆಲಸ ತಪ್ಪದೆ ಮಾಡುತ್ತಿದ್ದರು. ಪೀಪಾಯಿ ಎಣಿಸುತ್ತಿದ್ದರು: ಇನ್ನೂರ ಹನ್ನೆರಡು, ಸರಿ. ಸಾಲಿನಿಂದ ಸಾಲಿಗೆ ಹೆಜ್ಜೆ ಹಾಕುತ್ತಿದ್ದರು: ಇಪ್ಪತ್ತು, ಸರಿ. ಎರಡು ಸಾಲೂ ಒಟ್ಟಿಗೆ ನಡೆದರೆ ನಡುವಿನ ಹೆಜ್ಜೆ ಇಪ್ಪತ್ತೇ ಇರುತ್ತದೆ. ಈಚೆಯ ಬೇಕರಿಯವನ ಮುಂದೆ ಅಂಗಳ ಹುಟ್ಟಿ, ಎರಡು ಕುರ್ಚಿ ಬಂದು, ಆಮೇಲೆ ಆರಾಗಿ, ಕೊನೆಗೆ ಒಂದು ಕೊಡೆಯೂ ನಿಂತಿತು. ಅವನು ಯಾಕೆ ದೂರು ಕೊಟ್ಟಾನು? ಆಚೆಯ ಕಾವಲು ಸಿಪಾಯಿ ತನ್ನ ಸ್ಟೂಲನ್ನು ವರ್ಷಕ್ಕೆ ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಸೊಂಟ ನೋವಿನಿಂದ ಎಂದು ಅವನೇ ತಿಳಿದಿದ್ದ. ಆಚೆಯವರಲ್ಲಿ ಮನೆ ನಡುಪಟ್ಟಿಯೊಳಕ್ಕೆ ಬಂದವರಂತೂ ಪಿಟ್ಟೆನ್ನಲಿಲ್ಲ. ಪೀಪಾಯಿ ದಾಟಿ ತೆರಿಗೆ ವಸೂಲಿಯವನು ಬರುವಂತಿಲ್ಲ.

ಹದಿನೇಳನೇ ವರ್ಷ ಎಂಬತ್ತೇಳನೇ ಪೀಪಾಯಿ ಅಕ್ಕನ ಹೊಸ್ತಿಲು ದಾಟಿ ಮನೆಯೊಳಗೆ ಬಂತು.

ಅದುವರೆಗೆ ಅಕ್ಕ ತಮ್ಮ ಮಾತಾಡಬೇಕೆಂದರೆ ಆಚೆಯ ಕಾವಲಿನವನ ತಲೆಯ ಮೇಲಿಂದ ಕೂಗಬೇಕಿತ್ತು. ಅಕ್ಕನ ಮಂಡಿ ನೋವು, ತಮ್ಮನ ಮದುವೆ ಮಾತುಕತೆ, ಎಲ್ಲವೂ ಕಾವಲಿನವನಿಗೆ ಬಾಯಿಪಾಠ. ಈಗ ಪೀಪಾಯಿ ಬಾಗಿಲೊಳಗೆ ನಿಂತಿತು. ಪೀಪಾಯಿಯ ಈಚೆ ಬದಿ ನಡುಪಟ್ಟಿ, ಪೀಪಾಯಣ್ಣ ಕೂರಬಹುದು. ಆಚೆ ಬದಿ ಅಕ್ಕನ ಕಡೆ, ಅಕ್ಕ ಕೂರಬಹುದು. ಮನೆಯೊಳಗೆ ಕಾವಲಿನವನಿಲ್ಲ. ಅಕ್ಕ ಪೀಪಾಯಿಯ ಮೇಲೊಂದು ಹೂವಿನ ಬಟ್ಟೆ ಹಾಸಿ, ಎರಡು ತಟ್ಟೆ ಇಟ್ಟು, ಹದಿನಾರು ವರ್ಷದ ಬಾಕಿ ಮಾತು ಶುರುಮಾಡಿದಳು:

"ಅರ್ಧ ಗಂಟೆ ಅಂದಿದ್ದೆ ನಾನು."

"ಕುಂಚದ ಅಂಗಡೀಲಿ ರಶ್ಶು ಇತ್ತಕ್ಕ."

ಅಂದಿನಿಂದ ಮಧ್ಯಾಹ್ನದ ಊಟ ಅಲ್ಲೇ. ವರ್ಷಕ್ಕೊಂದು ಗೇಣು ಪೀಪಾಯಿ ಮುಂದಿನ ಕೋಣೆಯೊಳಗೆ ನಡೆಯಿತು: ಕಪಾಟು ದಾಟಿತು, ಕಿಟಕಿ ದಾಟಿತು, ಗಡಿಯಾರದ ಕೆಳಗೆ ಬಂತು. ಈಗ ಅಡುಗೆಮನೆಯ ಹೊಸ್ತಿಲಿಗೆ ತಾಗಿ ನಿಂತಿತ್ತು. ಒಲೆ ಕೈಗೆಟಕುವ ದೂರ. ಬಿಸಿ ಬಿಸಿಯಾಗಿ ತಟ್ಟೆಗೆ. ಅಕ್ಕ ಕಾಯ್ದೆಗೆ ತಲೆಬಾಗುವವಳು. ತನ್ನದೇ ಮುಂದಿನ ಕೋಣೆಗೆ ಕಾಲಿಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಉದ್ದ ಕೋಲಿನ ಪೊರಕೆಯಿಂದ ಅದನ್ನು ಗುಡಿಸುತ್ತಿದ್ದಳು. ದಿನಾ ಎಣಿಸಲು ಬರುವ ನೀಲಿ ಟೋಪಿಯವರು ಬಾಗಿಲು ತಟ್ಟಿ, ಬೂಟು ಕಳಚಿ, ಎಂಬತ್ತೇಳು ಎಂದು ಬರೆದುಕೊಂಡು, ಚಹ ಕುಡಿದು ಎಂಬತ್ತೆಂಟಕ್ಕೆ ಹೋಗುತ್ತಿದ್ದರು. ಇಡೀ ಗಡಿಯಲ್ಲಿ ಆ ಒಂದು ಪೀಪಾಯಿಯನ್ನು ಎಣಿಸಲು ಸಿಪಾಯಿಗಳ ನಡುವೆ ಪೈಪೋಟಿ ಇತ್ತು.

ಪೀಪಾಯಣ್ಣನ ಹೆಂಡತಿ ಈಚೆಯವಳು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಅತ್ತಿಗೆಯ ಮುಖ ಹತ್ತಿರದಿಂದ ಕಂಡವಳಲ್ಲ. ಹಾಗೆಂದು ಜಗಳಕ್ಕೇನೂ ಕೊರತೆಯಿರಲಿಲ್ಲ. ಪೀಪಾಯಣ್ಣ ಹೊತ್ತು ತರುತ್ತಿದ್ದ.

"ನಿಮ್ಮಕ್ಕಂಗೆ ಹೇಳಿ, ನಿಮಗೆ ಬಿಪಿ ಇದೆ, ಉಪ್ಪು ಕಮ್ಮಿ ಹಾಕಲಿ ಅಂತ."

ಮಧ್ಯಾಹ್ನ ಅದಕ್ಕೆ ಉತ್ತರ ಸಿಗುತ್ತಿತ್ತು: "ಬಿಪಿ ಬಂದದ್ದು ಮದುವೆ ಆದ್ಮೇಲೆ ಅಲ್ವಾ? ನನ್ನ ಉಪ್ಪು ಇಪ್ಪತ್ನಾಲ್ಕು ವರ್ಷ ತಿಂದಿದ್ದ, ಕಲ್ಲುಗುಂಡಿನ ಹಾಗಿದ್ದ."

ಎರಡೂ ಕಡೆಯ ಮಾತನ್ನು ಒಂದಕ್ಷರ ಕಳೆಯದೆ ತಲುಪಿಸುತ್ತಿದ್ದ ಪೀಪಾಯಣ್ಣ. ನಡುವೆ ನಿಲ್ಲುವ ಕೆಲಸ ಅವನು ಮಂಡಳಿಯಿಂದಲೇ ಕಲಿತದ್ದು.

ಹೀಗೆ ಸುಖವಾಗಿರುವಾಗ ಮಂಡಳಿಯ ಗಲ್ಲಾಪೆಟ್ಟಿಗೆಯ ತಳ ಕಾಣಿಸತೊಡಗಿತು. ದೊಡ್ಡ ದೊಡ್ಡ ದೇಶಗಳು ವಂತಿಗೆ ಕಳಿಸಲಿಲ್ಲ. ಒಂದು ದೇಶ "ಕಳಿಸಿದ್ದೇವಲ್ಲ, ಬಂದಿಲ್ಲವೇ?" ಎಂದಿತು. ಇನ್ನೊಂದು "ಮಂಡಳಿಯಿಂದ ನಮಗೇನು ಲಾಭ?" ಎಂದು ಕೇಳಿತು. ಮತ್ತೊಂದು ದೇಶಕ್ಕೆ ಸಭೆಯಲ್ಲಿ ಕೂರುವ ಕುರ್ಚಿ ಹಿಂದಿನ ಸಾಲಿನಲ್ಲಿತ್ತು ಎಂದು ಸಿಟ್ಟು. ಭೂಪಟದಲ್ಲಿ ನೊಣದ ಚುಕ್ಕೆಯಷ್ಟಿರುವ ದ್ವೀಪವೊಂದು ಮಾತ್ರ ಮೊದಲ ವಾರದಲ್ಲೇ ಪೂರ್ತಿ ಕಟ್ಟಿತು. ಅದಕ್ಕೆ ಧನ್ಯವಾದದ ಕಾಗದ ಕಳಿಸಿದ ಅಂಚೆ ವೆಚ್ಚದಲ್ಲಿ ಆ ವಂತಿಗೆಯ ಒಂದು ಭಾಗ ಹೋಯಿತು. ಊರಿಗೂ ಬಿಸಿ ತಟ್ಟಿತು. ದವಾಖಾನೆಯ ವ್ಯಾನು ವಾರಕ್ಕೆ ಆರು ದಿನದ ಬದಲು ಮೂರು ದಿನ ಬಂತು. ಹಾಲಿನ ಪುಡಿಯ ಡಬ್ಬಿ ಚಿಕ್ಕದಾಯಿತು. ಜೀಪು ಹೋಗಿ ಸೈಕಲ್ ಬಂತು. ನಲವತ್ತು ಸಿಪಾಯಿಗಳಲ್ಲಿ ಒಂಬತ್ತು ಜನ ಉಳಿದರು. ಪೀಪಾಯಿ ಎಣಿಸಲು ಕ್ಯಾಪ್ಟನ್ನೇ ಸೈಕಲ್ ತುಳಿದುಕೊಂಡು ಬರುವಂತಾಯಿತು. ಚಹದ ಆಸೆಗೆ ಅವನಿಗೆ ಅದು ಬೇಸರವಾಗಲಿಲ್ಲ.

ಆಮೇಲೆ ಕತ್ತರಿ ಮೇಡಂ ಬಂದರು.

ಆ ಹೆಸರು ಊರವರು ಇಟ್ಟದ್ದು. ಖರ್ಚು ಕತ್ತರಿಸಲು ಮುಖ್ಯ ಕಚೇರಿಯಿಂದ ಬಂದವರು. ಅಲ್ಲಿ ಅವರು ಲಿಫ್ಟು ನಿಲ್ಲಿಸಿ ಅಧಿಕಾರಿಗಳನ್ನು ಹದಿನೆಂಟು ಮಹಡಿ ಹತ್ತಿಸಿದ್ದರಂತೆ, ಆರು ಜನ ಅಲ್ಲೇ ರಾಜೀನಾಮೆ ಕೊಟ್ಟು ಇನ್ನೂ ಉಳಿತಾಯ ಆಯಿತಂತೆ. ಕೈಯಲ್ಲಿ ಒಂದೇ ಸಣ್ಣ ಪೆಟ್ಟಿಗೆ. ಕಾಗದದ ಎರಡೂ ಮಗ್ಗುಲು ಬರೆದು, ಅಂಚಿನಲ್ಲೂ ಬರೆಯುತ್ತಿದ್ದರು. ದುಭಾಷಿಯ ಸಂಬಳ ಉಳಿಸಲೆಂದು ಹನ್ನೊಂದು ಭಾಷೆ ಕಲಿತಿದ್ದರು. ಹನ್ನೊಂದರಲ್ಲೂ ಮೊದಲು ಕಲಿತ ಮಾತು "ಬೇಡ".

ಕ್ಯಾಪ್ಟನ್ನಿನ ಕೋಣೆಯಲ್ಲಿ, ಆರಿಸಿದ ಫ್ಯಾನಿನ ಕೆಳಗೆ, ಪೀಪಾಯಣ್ಣನನ್ನು ಕರೆಸಿದರು.

"ಬಣ್ಣ ಬಳಿಯೋರು ನೀವೇನಾ? ಯಾಕೆ ಬಳೀತೀರಿ?"

"ತುಕ್ಕು ಹಿಡೀಬಾರ್ದು ಅಂತ ಮೇಡಂ."

"ತುಕ್ಕು ಹಿಡಿದ ಪೀಪಾಯಿ ಕಣ್ಣಿಗೆ ಕಾಣಲ್ವಾ?"

"ಕಾಣತ್ತೆ."

"ಹಂಗಾದ್ರೆ ಗಡಿ ಎಲ್ಲಿದೆ ಅಂತ ತಿಳಿಯತ್ತೆ ತಾನೆ? ತುಕ್ಕು ಪುಕ್ಕಟೆ ಬರತ್ತೆ, ಸಂಬಳ ಕೇಳಲ್ಲ. ಈ ತಿಂಗಳ ಕೊನೆಗೆ ನಿಮ್ಮ ಕೆಲಸ ಮುಗೀತು. ಪರವಾನಗಿ ಚೀಟಿ ಕ್ಯಾಪ್ಟನ್ ಹತ್ರ ಕೊಟ್ಬಿಡಿ."

ಸಂಬಳ ಹೋದದ್ದು ಪೀಪಾಯಣ್ಣನ ಕಿವಿಗೆ ಬೀಳಲೇ ಇಲ್ಲ. ಪರವಾನಗಿ ಚೀಟಿ ಎಂದದ್ದು ಬಿತ್ತು. ಚೀಟಿ ಹೋದರೆ ನಡುಪಟ್ಟಿ ಇಲ್ಲ, ನಡುಪಟ್ಟಿ ಇಲ್ಲದಿದ್ದರೆ ಎಂಬತ್ತೇಳು ಇಲ್ಲ, ಎಂಬತ್ತೇಳು ಇಲ್ಲದಿದ್ದರೆ ಅಕ್ಕ ಇಲ್ಲ. ಅವಳಿಗೆ ಅರವತ್ತನಾಲ್ಕು. ಇನ್ನು ಕಾವಲಿನವನ ತಲೆಯ ಮೇಲಿಂದ ಕೂಗುವಷ್ಟು ಗಂಟಲು ಇಬ್ಬರಿಗೂ ಉಳಿದಿರಲಿಲ್ಲ.

ಅಂದು ಮಧ್ಯಾಹ್ನ ತಟ್ಟೆ ಮುಂದೆ ಸುಮ್ಮನೆ ಕೂತ. ಅಕ್ಕ ಎರಡು ಸಲ ಬಡಿಸಿ, ಮೂರನೇ ಸಲ ಸೌಟಿನಿಂದ ತಟ್ಟೆ ಕುಟ್ಟಿದಳು.

"ಏನೋ? ಹೆಂಡ್ತಿ ಏನಾದ್ರೂ ಅಂದ್ಲಾ?"

"ಅವಳಲ್ಲ. ಮೇಡಂ ಅಂದ್ರು." ಎಲ್ಲ ಹೇಳಿದ.

ಅಕ್ಕ ಸೌಟು ಕೆಳಗಿಟ್ಟು, "ಆ ಮೇಡಂ ಊಟ ಮಾಡ್ತಾಳಾ?" ಎಂದಳು.

"ಬಿಸ್ಕತ್ತನ್ನ ಅರ್ಧ ಮುರ್ದು ಜೇಬಲ್ಲಿ ಇಟ್ಕೋತಾರೆ."

"ಹಂಗಾದ್ರೆ ಹಸಿದಿರ್ತಾಳೆ. ಇಲ್ಲಿಗೆ ಬರೋ ಹಾಗೆ ಮಾಡು."

ಬರುವ ಹಾಗೆ ಮಾಡುವ ಅಗತ್ಯವೇ ಬೀಳಲಿಲ್ಲ. ಕೆಲಸದಿಂದ ಒಬ್ಬನನ್ನು ತೆಗೆಯುವ ಮೊದಲು ಅವನ ವಶದಲ್ಲಿದ್ದ ಸಾಮಾನು ತಾಳೆ ನೋಡಬೇಕು ಎಂಬ ನಿಯಮವಿತ್ತು. ಪೀಪಾಯಣ್ಣನ ವಶದಲ್ಲಿದ್ದದ್ದು ನಾಲ್ಕು ಕುಂಚ, ಒಂದು ಏಣಿ, ಇನ್ನೂರ ಹನ್ನೆರಡು ಪೀಪಾಯಿ. ಬೇರೆಯವರಾಗಿದ್ದರೆ ಎಣಿಸಿ ಸಹಿ ಹಾಕುತ್ತಿದ್ದರು. ಮೇಡಂ ಮಿತವ್ಯಯಿ, ಹೇಗೂ ನಡೆಯುವುದು ಇದೆಯಲ್ಲ, ಅದೇ ಖರ್ಚಿನಲ್ಲಿ ಅಳೆದೂ ಬಿಡೋಣ ಎಂದು ಹಳೆಯ ನಕ್ಷೆ, ಟೇಪು ಕೈಗೆತ್ತಿಕೊಂಡರು. ಮೂವತ್ತು ವರ್ಷದಲ್ಲಿ ಆ ಗಡಿಗೆ ಟೇಪು ಬಿದ್ದದ್ದು ಅದೇ ಮೊದಲು. ಕ್ಯಾಪ್ಟನ್ ಸೈಕಲ್ ತಳ್ಳಿಕೊಂಡು ಹಿಂದೆ, ಪೀಪಾಯಣ್ಣ ಅದಕ್ಕೂ ಹಿಂದೆ.

ಎಂಬತ್ತಾರು ರಸ್ತೆಯಲ್ಲಿತ್ತು. ಎಂಬತ್ತೆಂಟು ಒಂದು ತೋಟದಲ್ಲಿ ಕುಂಬಳಬಳ್ಳಿ ಹಬ್ಬಿಸಿಕೊಂಡು ನಿಂತಿತ್ತು.

"ಎಂಬತ್ತೇಳು ಎಲ್ಲಿ?"

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು ಅಕ್ಕನ ಬಾಗಿಲು ತಟ್ಟಿ, ಬೂಟು ಕಳಚಿದ. "ಮೇಡಂ, ಇಲ್ಲಿ ಬೂಟು ಕಳಚೋದು ವಾಡಿಕೆ."

ಮೇಡಂ ಮುಂದಿನ ಕೋಣೆ ದಾಟಿ ಹೋಗಿ ನೋಡಿದರು. ಹೂವಿನ ಬಟ್ಟೆ ಹಾಸಿದ ಎಂಬತ್ತೇಳನೇ ಪೀಪಾಯಿಯ ಮೇಲೆ ಮೂರು ಲೋಟ ಚಹ, ಹಬೆಯಾಡುವ ಸಾರು, ಒಂದು ಬುಟ್ಟಿ ಬ್ರೆಡ್ಡು. ಅದರಾಚೆ, ಸೌಟು ಹಿಡಿದು ಅಕ್ಕ.

"ಕೂತ್ಕೋಮ್ಮ. ಎಣಿಸೋದು ಎಲ್ಲಿಗೂ ಓಡಿಹೋಗಲ್ಲ."

"ಬೇಡ" ಎಂದರು ಮೇಡಂ ಅಭ್ಯಾಸಬಲದಿಂದ. ಮೂಗು ಮಾತ್ರ ಬೇರೆ ಅಭಿಪ್ರಾಯದಲ್ಲಿತ್ತು. ಕೂತರು. ಎರಡನೇ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿದ ಮೇಲೆ ಮೇಡಂ ನಕ್ಷೆ ಬಿಚ್ಚಿದರು, ಟೇಪು ಎಳೆದರು, ಹೊರಗೆ ಬೀದಿದೀಪದವರೆಗೆ ಹೋಗಿ ಬಂದರು.

"ಇಪ್ಪತ್ತೆರಡೂವರೆ ಅಡಿ," ಎಂದರು. ಸ್ವರ ತಣ್ಣಗಿತ್ತು. "ಈ ಪೀಪಾಯಿ ಆ ದೀಪದ ಹತ್ತಿರ ಇರಬೇಕು. ಇಡೀ ಗಡಿ ಇಪ್ಪತ್ತೆರಡೂವರೆ ಅಡಿ ನಡೆದಿದೆ. ಯಾರು ನಡೆಸಿದ್ದು?"

ಕ್ಯಾಪ್ಟನ್ ಛಾವಣಿ ನೋಡಿದ. ಪೀಪಾಯಣ್ಣ ಬೆವರುತ್ತ, ಬಣ್ಣ ಮೆತ್ತಿದ ನಿಯಮದ ಪುಸ್ತಕವನ್ನು ಬಗಲಿನಿಂದ ತೆಗೆದ. ಹದಿನಾಲ್ಕನೇ ನಿಯಮ ತೋರಿಸಿದ. ಗಾಳಿಯ ವಿಷಯ ಹೇಳಿದ. "ತಮ್ಮ ಪತ್ರ ತಲುಪಿದೆ" ಎಂಬ ಕಾಗದವನ್ನು ಮಡಿಕೆ ಹರಿಯದಂತೆ ಬಿಚ್ಚಿ ಮುಂದಿಟ್ಟ.

"ಮೊದಲ ವರ್ಷಾನೇ ಕೇಳಿದ್ದೆ ಮೇಡಂ, ಯಾವ ಪಕ್ಕಕ್ಕೆ ಅಂತ."

ಮೇಡಂ ಕಾಗದ ಓದಿದರು. ತಿರುಗಿಸಿ ಹಿಂದಿನ ಮಗ್ಗುಲು ನೋಡಿದರು. ಅಲ್ಲಿ ಏನೂ ಬರೆಯದೆ ಹಾಳುಮಾಡಿದ್ದಕ್ಕೆ ಸಂಕಟಪಟ್ಟರು. ಮತ್ತೆ ಪೆನ್ಸಿಲು ತೆಗೆದು, ನಕ್ಷೆಯ ಅಂಚಿನಲ್ಲೇ ಲೆಕ್ಕ ಶುರುಮಾಡಿದರು. ಬಾಯಲ್ಲಿ ಹೇಳಿಕೊಂಡೇ ಬರೆಯುತ್ತಿದ್ದರು.

"ಗಡಿ ತಪ್ಪಿದ್ರೆ ಜಂಟಿ ಆಯೋಗ ಆಗಬೇಕು. ಮೂರು ಬೇರೆ ದೇಶದ ಸರ್ವೆಯವರು. ಐದು ಭಾಷೆಗೆ ದುಭಾಷಿ. ಅವರಿಗೆ ಹೋಟೆಲು. ಒಂದೂವರೆ ವರ್ಷ. ಈಚೆಯವರು ಅಂಗಳ ಬಿಡಬೇಕು..."

"ಬಿಡಲ್ಲ," ಎಂದ ಕ್ಯಾಪ್ಟನ್. "ಬೇಕರಿಯವನು ಕೊಡೆ ತಂದಿದ್ದಾನೆ."

"ಬಿಡಲ್ಲ ಅಂದ್ರೆ ಜಗಳ. ಜಗಳ ಅಂದ್ರೆ ಇನ್ನೂ ಮುನ್ನೂರು ನೀಲಿ ಟೋಪಿ." ಪೆನ್ಸಿಲು ನಿಂತಿತು. "ಪೀಪಾಯಿಯೋರೇ, ನಿಮ್ಮ ಸಂಬಳ ತಿಂಗಳಿಗೆ ಎಷ್ಟು?"

ಹೇಳಿದ.

ಮೇಡಂ ಭಾಗಿಸಿದರು. ನಂಬಲಾಗದೆ ಮತ್ತೊಮ್ಮೆ ಭಾಗಿಸಿದರು. "ಈ ಒಂದು ಆಯೋಗದ ಖರ್ಚಿನಲ್ಲಿ ನಿಮ್ಮನ್ನ ನಾನ್ನೂರ ಆರು ವರ್ಷ ಇಟ್ಕೋಬಹುದು."

"ಅಷ್ಟು ದಿನ ಬರಕ್ಕಾಗಲ್ಲ ಮೇಡಂ," ಎಂದ ಪೀಪಾಯಣ್ಣ, ಪ್ರಾಮಾಣಿಕವಾಗಿ. "ಸೊಂಟ ಹಿಡಿಯತ್ತೆ."

ಅಕ್ಕ ಮೇಡಂನ ತಟ್ಟೆಗೆ ಕೇಳದೆ ಇನ್ನೊಂದು ಸೌಟು ಸುರಿದಳು. ಮೇಡಂ ಸಾರಿನ ಹಬೆಯನ್ನೇ ನೋಡುತ್ತ ಕೂತಿದ್ದವರು ತಟ್ಟನೆ ತಲೆಯೆತ್ತಿದರು. ಹನ್ನೊಂದು ಭಾಷೆಗಳಲ್ಲೂ ಅವರು ಅಷ್ಟು ಖುಷಿಯಿಂದ ಮಾತಾಡಿದ್ದು ಅದೇ ಮೊದಲಿರಬೇಕು.

"ಹೋದ ದಾರೀಲೇ ವಾಪಸ್ ಬಂದ್ರೆ? ವರ್ಷಕ್ಕೊಂದು ಗೇಣು, ಈ ಸಲ ಈಚೆ ಕಡೆಗೆ. ಮೂವತ್ತು ವರ್ಷಕ್ಕೆ ಗಡಿ ತನ್ನ ಜಾಗಕ್ಕೆ. ಹೇಗೂ ಬಣ್ಣ ಬಳೀತೀರಿ. ಬೇರೆ ಖರ್ಚೇ ಇಲ್ಲ!"

ಅಲ್ಲೇ, ಪೀಪಾಯಿಯ ಮೇಲೆ, ವರದಿ ಬರೆದರು. ಏನನ್ನೂ ಮುಚ್ಚಿಡಲಿಲ್ಲ. ಗಡಿ ಇಪ್ಪತ್ತೆರಡೂವರೆ ಅಡಿ ಸರಿದಿದೆ, ಸರಿಪಡಿಸುವ ಕೆಲಸ ಆರಂಭವಾಗಿದೆ, ಅವಧಿ ಮೂವತ್ತು ವರ್ಷ, ಹೆಚ್ಚುವರಿ ವೆಚ್ಚ ಸೊನ್ನೆ. ಮುಖ್ಯ ಕಚೇರಿಯಲ್ಲಿ ಅಂಥ ಕಾಲದಲ್ಲಿ ಸೊನ್ನೆ ಕಂಡವರಿಗೆ ಎಷ್ಟು ಆನಂದವಾಯಿತೆಂದರೆ ವರದಿಯ ಉಳಿದ ಭಾಗವನ್ನು ಯಾರೂ ಓದದೆ ಒಪ್ಪಿಗೆಯ ಮುದ್ರೆ ಒತ್ತಿದರು. ಪೀಪಾಯಣ್ಣನ ಚೀಟಿ ಮೂವತ್ತು ವರ್ಷಕ್ಕೆ ಹೊಸದಾಯಿತು. ಅಂಥ ಚೀಟಿ ಆ ಊರಿನ ಕ್ಯಾಪ್ಟನ್ನಿಗೂ ಇರಲಿಲ್ಲ. ಅವನದು ಇನ್ನೂ ಆರಾರು ತಿಂಗಳು.

ಮೇಡಂ ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಒಂದೇ: ಗಾಳಿ. ಈಚೆಗೆ ವಾಲಿಸಬೇಕೆಂದರೆ ಗಾಳಿಗೆ ಎದುರಾಗಿ ನಿಲ್ಲಬೇಕು. ಹಸಿ ಬಣ್ಣಕ್ಕೆ ದೂಳು. ಯಾರಾದರೂ ಒಬ್ಬರು ಹಲಗೆ ಅಡ್ಡ ಹಿಡಿಯಬೇಕು. ಪೀಪಾಯಣ್ಣ ಹೆದರುತ್ತ ಹೋಗಿ ಹೇಳಿದ. ಮೇಡಂ ಪೆಟ್ಟಿಗೆ ಕಟ್ಟುತ್ತಿದ್ದರು.

"ಇನ್ನೊಬ್ಬರಿಗೆ ಚೀಟಿ ಕೊಡ್ತೀನಿ. ಸಂಬಳ ಕೊಡಲ್ಲ. ಸಂಬಳ ಇಲ್ದೆ ಮೂವತ್ತು ವರ್ಷ ಹಲಗೆ ಹಿಡಿಯೋರು ಯಾರಾದ್ರೂ ಸಿಕ್ಕಿದ್ರೆ ನೋಡಿ."

ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ ಕೈ ಒರೆಸಿಕೊಂಡು ಸೆರಗು ಸರಿಮಾಡಿಕೊಂಡಳು.

"ರೀ, ಇಪ್ಪತ್ತೈದು ವರ್ಷದಿಂದ ಸಂಬಳ ಇಲ್ದೆ ನಿಮ್ಮನ್ನೇ ಹಿಡ್ಕೊಂಡಿದೀನಿ. ಹಲಗೆ ಏನು ಮಹಾ ಭಾರ?"

"ನೀನಾ?"

"ಮತ್ತೆ? ಆ ಉಪ್ಪಿನ ವಿಷಯ ಮುಖಕ್ಕೆ ಮುಖ ಕೊಟ್ಟು ಮಾತಾಡೋದಿದೆ."

ಬಣ್ಣ ಬಳಿಯುವ ತಿಂಗಳು ಬಂತು. ಒಂದರಿಂದ ಎಂಬತ್ತಾರರವರೆಗೆ ಹೆಂಡತಿ ಹಲಗೆ ಹಿಡಿದಳು. ಈಚೆಯ ಬೇಕರಿಯವನು ಒಂದು ಗೇಣು ಅಂಗಳ ಕಳೆದುಕೊಂಡದ್ದನ್ನು ಗಮನಿಸಲೇ ಇಲ್ಲ. ಆಚೆಯ ಕಾವಲಿನವನು ಸ್ಟೂಲು ಮುಂದಕ್ಕೆ ಎಳೆದುಕೊಂಡು, ಸೊಂಟ ಸ್ವಲ್ಪ ವಾಸಿ ಎಂದ. ಆಮೇಲೆ ಎಂಬತ್ತೇಳು. ಹೆಂಡತಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಡುಗೆಮನೆಯಿಂದ ಅಕ್ಕ ನೋಡಿದಳು. ಇಬ್ಬರ ನಡುವೆ ಪೀಪಾಯಿ. ಪೀಪಾಯಣ್ಣ ಮೂವತ್ತು ವರ್ಷದಲ್ಲಿ ಹೆದರದಷ್ಟು ಹೆದರಿ ಕುಂಚ ಹಿಡಿದು ಮೂಲೆಗೆ ನಿಂತ.

"ಇಷ್ಟು ಸಣ್ಣ ಇದೀಯಲ್ಲೇ," ಎಂದಳು ಅಕ್ಕ. "ಮಾತು ಕೇಳಿ ದೊಡ್ಡ ಹೆಂಗಸು ಅಂದ್ಕೊಂಡಿದ್ದೆ."

"ನಾನೂ ಅತ್ತಿಗೆ, ನೀವು ಮುದುಕಿ ಅಂದ್ಕೊಂಡಿದ್ದೆ."

ಅಕ್ಕ ಸಾರಿನ ಸೌಟು ಚಾಚಿದಳು. ಹೆಂಡತಿ ಅಂಗೈಗೆ ಹಾಕಿಕೊಂಡು ನೆಕ್ಕಿದಳು.

"ಉಪ್ಪು ಸರಿಯಾಗೇ ಇದೆ," ಎಂದಳು ಹೆಂಡತಿ ನಿಧಾನವಾಗಿ. "ಇವರು ತಂದು ಒಪ್ಪಿಸೋವಾಗ ಜಾಸ್ತಿ ಆಗ್ತಿತ್ತು."

"ನಂಗೂ ಹಂಗೇ ಅನ್ನಿಸ್ತು. ಮೊದ್ಲಿಂದ ಅವನು ಹಂಗೇ. ಮೂರನೇ ವಯಸ್ಸಲ್ಲೇ..."

ಮೂರನೇ ವಯಸ್ಸಿನಿಂದ ಐವತ್ತನಾಲ್ಕರವರೆಗಿನ ಪೀಪಾಯಣ್ಣನ ತಪ್ಪುಗಳು ಒಂದೊಂದಾಗಿ ಪೀಪಾಯಿಯ ಮೇಲೆ ಬಂದು ಬಿದ್ದವು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಎರಡು ಸರಕಾರ ಮೂವತ್ತು ವರ್ಷದಲ್ಲಿ ಮಾಡದ ಒಪ್ಪಂದವನ್ನು ಇಬ್ಬರು ಹೆಂಗಸರು ಅರ್ಧ ಗಂಟೆಯಲ್ಲಿ ಮಾಡಿಕೊಂಡರು. ಖರ್ಚೆಲ್ಲ ಪೀಪಾಯಣ್ಣನ ಮಾನ.

ಊಟವಾದ ಮೇಲೆ ಬಟ್ಟೆ ತೆಗೆದು, ಪೀಪಾಯಿ ವಾಲಿಸಿ, ತಳಕ್ಕೆ ಬಣ್ಣ ಬಳಿದ. ಈಚೆಗೆ ಒಂದು ಗೇಣು ಅಳೆಯಲೆಂದು ನೆಲದ ಮೇಲೆ ಕೈ ಹರಡಿದ. ಆಗ ಅವನಿಗೆ ಹೊಳೆಯಿತು. ಈ ವರ್ಷ ಒಂದು ಗೇಣು, ಮುಂದಿನ ವರ್ಷ ಇನ್ನೊಂದು. ಹತ್ತಡಿಯ ಕೋಣೆ. ಹದಿಮೂರು ವರ್ಷಕ್ಕೆ ಪೀಪಾಯಿ ಮತ್ತೆ ಬೀದಿಗೆ, ಕಾವಲಿನವನ ಕಣ್ಣ ಮುಂದೆ. ಆಗ ಅಕ್ಕನಿಗೆ ಎಪ್ಪತ್ತೇಳು. ಹರಡಿದ ಕೈ ಹಾಗೇ ನಿಂತಿತು.

ಅಕ್ಕ ಅವನ ಮುಖ ನೋಡಿದಳು, ಕೈ ನೋಡಿದಳು.

"ಲೋ, ಆ ಪುಸ್ತಕ ಕೊಡು. ಏನು ಬರ್ದಿದೆ? ಒಂದು ಗೇಣು. ಯಾರ ಗೇಣು ಅಂತ ಬರ್ದಿದ್ಯಾ?"

ಪೀಪಾಯಣ್ಣ ಓದಿದ. ಬರೆದಿರಲಿಲ್ಲ.

ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಸಂಧಿವಾತದಿಂದ ಸೊಟ್ಟಗಾದ ತನ್ನ ಬಲಗೈಯನ್ನು ನೆಲಕ್ಕಿಟ್ಟು ಹರಡಿದಳು. ಎಷ್ಟು ಹರಡಿದರೂ ತಮ್ಮನ ಅರ್ಧ ಗೇಣು ದಾಟಲಿಲ್ಲ.

"ಇಷ್ಟೇ," ಎಂದಳು. "ಇದ್ರ ಮೇಲೆ ಒಂದು ಕೂದಲೆಳೆ ಸರಿಸಿದ್ರೂ ನಾಳೆ ಊಟ ಇಲ್ಲ."

"ಇಪ್ಪತ್ತಾರು ವರ್ಷ ಆಗತ್ತಕ್ಕ," ಎಂದ ಪೀಪಾಯಣ್ಣ, ಬೆರಳಲ್ಲಿ ಎಣಿಸ ಹೋಗಿ ಬೆರಳಿಗೆಲ್ಲ ಬಣ್ಣ ಮೆತ್ತಿಕೊಂಡು.

"ಆಗಲಿ. ಆಮೇಲೆ ನನ್ನ ಕೈ ಇನ್ನೂ ಸೊಟ್ಟಗಾಗಿರತ್ತೆ."

ಕ್ಯಾಪ್ಟನ್ ಕರ್ತವ್ಯನಿಷ್ಠ. ಮರುದಿನ ಎಣಿಸಲು ಬಂದಾಗ ಅರ್ಧ ಗೇಣಿನ ಗುರುತು ಕಂಡು, ಚಹ ಮುಗಿಸಿ, ಮುಖ್ಯ ಕಚೇರಿಗೆ ಕಾಗದ ಬರೆದ: ನಿಯಮ ಹದಿನಾಲ್ಕರಲ್ಲಿ ಹೇಳಿದ ಗೇಣು ಯಾರದ್ದಾಗಿರತಕ್ಕದ್ದು, ದಯವಿಟ್ಟು ತಿಳಿಸಿ. ಮೂರು ವಾರ ಪೀಪಾಯಣ್ಣ ದಿನಾ ಅಂಚೆಯ ದಾರಿ ಕಾದ. ನಾಲ್ಕನೇ ವಾರ ಕ್ಯಾಪ್ಟನ್ ಸೈಕಲ್ ಗಂಟೆ ಬಾರಿಸುತ್ತ ಬಂದು, ಬೂಟು ಕಳಚುವುದನ್ನೂ ಮರೆತು, ಉತ್ತರವನ್ನು ಹೂವಿನ ಬಟ್ಟೆಯ ಮೇಲಿಟ್ಟ. ಹೆಂಡತಿ ಜೋರಾಗಿ ಓದಿದಳು:

"ತಮ್ಮ ಪತ್ರ ತಲುಪಿದೆ."

ಅಕ್ಕ ಮೊದಲು ಕ್ಯಾಪ್ಟನ್ನಿನ ಬೂಟು ನೋಡಿ ಗದರಿದಳು. ಆಮೇಲೆ ನಾಲ್ಕು ತಟ್ಟೆ ತೆಗೆದಳು.

"ಮೂವತ್ತು ವರ್ಷ ನಿಶ್ಚಿಂತೆ," ಎಂದಳು. "ಕೂತ್ಕೊಳ್ಳೋ, ಊಟ ಆರೋಗತ್ತೆ."